ತಡವಾಗಿ ಬೀಳುವ ನಾಲ್ಕನೇ ಪೆಟ್ಟು

ಟಿವಿ, ಟೇಪ್‌ರೆಕಾರ್ಡರು ರಿಪೇರಿ ಮಾಡುತ್ತಿದ್ದ ರಿಪೇರಿಯಣ್ಣನಿಗೆ ಸಂಗೀತದ ಗಂಧಗಾಳಿಯೂ ಇರಲಿಲ್ಲ. ಆದರೂ ಒಂದು ಹೊಸ ಬಗೆಯ ಸಂಗೀತ ಅವನ ಅಂಗಡಿಯಲ್ಲೇ ಹುಟ್ಟಿತು. ಮೂವತ್ತು ವರ್ಷಗಳ ಹಿಂದೆ ಯಾರೋ ರಿಪೇರಿಗೆ ಕೊಟ್ಟು ಮರೆತ ತಾಳದ ಯಂತ್ರವೊಂದರಲ್ಲಿ ಗುಂಡಿ ಅಂಟಿಕೊಂಡು, ನಾಲ್ಕನೇ ಪೆಟ್ಟು ಚೂರು ತಡವಾಗಿ ಬೀಳುತ್ತಿತ್ತು. ಎಷ್ಟು ತಿಣುಕಿದರೂ ಸರಿಹೋಗಲಿಲ್ಲ. ಆ ಸದ್ದಿಗೆ ಎದುರಿನ ಹೊಲಿಗೆ ಕಾರ್ಖಾನೆಯ ಹೆಂಗಸರು ಊಟದ ಬಿಡುವಿನಲ್ಲಿ ಬೀದಿಯಲ್ಲೇ ಕುಣಿದುಬಿಟ್ಟರು! ಅವನು ಅದಕ್ಕೆ ಕೀಬೋರ್ಡಿನ ನಾಲ್ಕು ಸ್ವರ ಸೇರಿಸಿ ಕ್ಯಾಸೆಟ್ ಮಾಡಿದ. ಜನ ಅದನ್ನು 'ಎಡವು' ಎಂದು ಕರೆದರು.

ಹೆಂಡತಿ ಮಾತ್ರ ಮೂಗು ಮುರಿದಳು. "ರೀ, ಆ ದರಿದ್ರ ಸದ್ದು ನಿಲ್ಲಿಸ್ತೀರೋ, ನಾನೇ ಎದ್ದು ಹೋಗ್ಲೋ?"

ಊರೆಲ್ಲ ಕುಣಿದರೇನು, ಅವಳೊಬ್ಬಳು ಒಮ್ಮೆ ತಲೆದೂಗಲಿ ಎಂದು ಅವನು ಹಾತೊರೆಯುತ್ತಿದ್ದ. ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಎಡವು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನವರು ವೇಗ ಇಮ್ಮಡಿ ಮಾಡಿದರು. ಕುಣಿಯುವವರಿಗೆ ಏದುಸಿರು ಬಂತು. ಅವರ ನಂತರದವರು ಅದರ ತಾಳಕ್ಕೆ ಬೈಗುಳದ ಹಾಡು ಕಟ್ಟಿದರು. ಆಮೇಲೆ ಓದಿಕೊಂಡವರು ಬಂದು, ಪೆಟ್ಟು ಸರಿಯಾಗಿ ತಪ್ಪುವಂತೆ ಕಂಪ್ಯೂಟರಿನ ಮುಂದೆ ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಅಂಟಿದ ಗುಂಡಿಯ ಕೆಲಸಕ್ಕೆ ಇಷ್ಟು ವಿದ್ಯೆ ಬೇಕಾಯಿತೇ ಎಂದು ರಿಪೇರಿಯಣ್ಣ ನಕ್ಕ. ಕೊನೆಗೆ ಯಾರೋ ವೇಗ ಇಳಿಸಿ, ಡ್ರಮ್ಮಿನ ಬದಲು ಮೆಲುವಾದ ಗಂಟೆ ಇಟ್ಟು, ಹಕ್ಕಿಗಳ ಕೂಗು ಬೆರೆಸಿ, ನೆಮ್ಮದಿಯ ಸಂಗೀತವೆಂದು ಹಂಚಿದರು.

ಈಚೆಗೆ ಹೆಂಡತಿಗೆ ಮಂಡಿಯ ಆಪರೇಷನ್ ಆಯಿತು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ದಿನಾ ಇಪ್ಪತ್ತು ಸಲ ಕಾಲೆತ್ತದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ, ಮೆಟ್ಟಿಲಿಳಿಯುವ ಆಸೆ ಬಿಡಿ ಎಂದು ಫಿಸಿಯೋಥೆರಪಿಯಾಕೆ ಖಡಾಖಂಡಿತವಾಗಿ ಹೇಳಿದಳು. ಹೆಂಡತಿ ಎರಡು ಸಲ ಎತ್ತಿ "ಅಯ್ಯೋ, ಸಾಕು" ಎಂದು ಮಲಗಿಬಿಡುತ್ತಿದ್ದಳು. ಅವನು ಗದರಿದ, ಗೋಗರೆದ, ಏನೂ ನಡೆಯಲಿಲ್ಲ. ಕೊನೆಗೆ ಫಿಸಿಯೋಥೆರಪಿಯಾಕೆ ಅವಳ ಫೋನಿಗೆ ಏನೋ ಸಂಗೀತ ಹಾಕಿಕೊಟ್ಟು ಹೋದಳು.

ಮರುದಿನ ಬೆಳಿಗ್ಗೆ ಅವನು ಕಾಫಿ ಹಿಡಿದು ಬಂದರೆ, ಫೋನಿನ ಸಂಗೀತಕ್ಕೆ ಹೆಂಡತಿಯ ಕಾಲು ಏಳುತ್ತಿದೆ, ಇಳಿಯುತ್ತಿದೆ. ಆಗಲೇ ಹತ್ತನೇ ಸಲ.

"ಈ ನಾಲ್ಕನೇದು ಸ್ವಲ್ಪ ಕಾಯುತ್ತೆ ನೋಡಿ. ಅಷ್ಟರಲ್ಲಿ ನೋವು ಇಳಿದಿರುತ್ತೆ. ಸಂಗೀತ ಅಂದ್ರೆ ಇದಪ್ಪಾ!"

ಅವನು ಕಾಫಿ ಕೆಳಗಿಟ್ಟು ಕಿವಿಗೊಟ್ಟ. ಅವನದೇ ಗುಂಡಿ, ಅವನದೇ ನಾಲ್ಕು ಸ್ವರ. ಮೂವತ್ತು ವರ್ಷದ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅವಳ ಹಠ ಅವನಿಗೆ ಗೊತ್ತಿಲ್ಲವೇ? ಇದು ಆ ದರಿದ್ರ ಸದ್ದೇ ಎಂದು ತಿಳಿದರೆ ಫೋನ್ ಆರಿಸಿ ಗೋಡೆಗೆ ಮುಖ ಮಾಡಿ ಮಲಗುವವಳೇ.

"ಯಾರು ಮಾಡಿದ್ದೋ, ಪುಣ್ಯಾತ್ಮ," ಎಂದಳು ಅವಳು. "ತುಂಬಾ ತಾಳ್ಮೆ ಇರೋ ಮನುಷ್ಯ. ನಿಮ್ಮ ಹಾಗಲ್ಲ."

ರಿಪೇರಿಯಣ್ಣನಿಗೆ ಮೊದಲ ಸಲ ತನ್ನ ಮೇಲೇ ಹೊಟ್ಟೆಕಿಚ್ಚಾಯಿತು. ಕಣ್ಣೂ ತುಂಬಿತು.

"ನಿಜ, ಯಾರೋ ಒಳ್ಳೆಯವನೇ ಇರ್ಬೇಕು," ಎಂದ. "ಇನ್ನೂ ಹತ್ತು ಬಾಕಿ ಇದೆ, ಎತ್ತು."