ದೀಪದ ಹೊತ್ತಿಗೆ ಹಸಿರಾಗುತ್ತಿದ್ದ ಹೆಸರು

ಫ್ಯಾಂಟಸಿ ಸಿನಿಮಾಗಳ ಮೇಲೆ ನನ್ನದೊಂದು ಹಳೆಯ ತಕರಾರಿದೆ. ಅಲ್ಲಿ ಯಾರೂ ನೆಟ್ಟಗೆ ಸಾಯುವುದಿಲ್ಲ. ಮೊದಲ ಭಾಗದಲ್ಲಿ ಪ್ರಪಾತಕ್ಕೆ ಬಿದ್ದ ರಾಜ ಎರಡನೇ ಭಾಗದ ಟೀಸರಿನಲ್ಲಿ ಗಡ್ಡ ಬಿಟ್ಟುಕೊಂಡು ಎದ್ದು ಬರುತ್ತಾನೆ, ಥಿಯೇಟರಿನಲ್ಲಿ ಸಿಳ್ಳೆ ಬೀಳುತ್ತದೆ. ಆನ್‌ಲೈನ್ ಆಟಗಳಲ್ಲಿ ಇದು ಇನ್ನೂ ಸಲೀಸು. ಸತ್ತರೆ ಹತ್ತಿರದ ಗುಡಿಯ ಕಲ್ಲಿನ ಪಕ್ಕದಲ್ಲಿ ಮತ್ತೆ ಹುಟ್ಟುತ್ತೀರಿ, ಮೈಮೇಲಿನ ಬಟ್ಟೆ ಕೂಡ ಹರಿದಿರುವುದಿಲ್ಲ. ಹೊಸಪೇಟೆಯಲ್ಲಿ ಮನೆ, ಕಂಪ್ಲಿಯಲ್ಲಿ ಗಂಡನ ಮನೆಯವರ ಅಕ್ಕಿ ಗಿರಣಿ. ಎರಡರ ನಡುವೆ ದಿನಾ ಬಸ್ಸಿನಲ್ಲಿ ಓಡಾಡುತ್ತ ನಾನು ಅಂಥ ಒಂದು ಆಟವನ್ನು ಮೊಬೈಲಿನಲ್ಲಿ ವರ್ಷಗಟ್ಟಲೆ ಆಡಿದೆ. "ಈ ವಯಸ್ಸಿನ್ಯಾಗ ಇದೇನು ಹುಡುಗಾಟನವ್ವಾ" ಎಂದು ನಮ್ಮತ್ತೆ ಗೊಣಗುತ್ತಿದ್ದರು. ಧಾರಾವಾಹಿಯಲ್ಲಿ ಸತ್ತ ಸೊಸೆ ಬೇರೆ ಮುಖ ಹೊತ್ತು ಮರಳಿದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೂ ಅವರೇ.

ಆ ಆಟದಲ್ಲಿ ನಮ್ಮದು ಮೂವರ ತಂಡ. ನಾನು ಬಿಲ್ಲುಗಾರ್ತಿ. ಮರಿಯಮ್ಮನಹಳ್ಳಿಯಲ್ಲಿ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಒಬ್ಬಾತ ಗುರಾಣಿ ಹಿಡಿದು ಮುಂದೆ ನಿಲ್ಲುತ್ತಿದ್ದ. ಮೂರನೆಯವನು ದೋಣಿಮಲೈಯ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದವನು, ಆಟದಲ್ಲಿ ಮಾಂತ್ರಿಕ. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ನಮ್ಮಿಬ್ಬರಿಗೂ ಅವನು ಅಣ್ಣ. ಪರಿಚಯವಾದದ್ದು ಆಟದ ಒಳಗೇ. ಯಾವ್ಯಾವುದೋ ದೇಶದವರು ಏನೇನೋ ಕಿರುಚಿಕೊಳ್ಳುತ್ತಿದ್ದ ಕಾಳಗದ ನಡುವೆ ಇಯರ್‌ಫೋನಿನಲ್ಲಿ ಒಂದು ದನಿ ಕೇಳಿಸಿತು: "ಹಿಂದ ಬರ್ರಿ, ಹಿಂದ! ಎಲ್ಲಾರೂ ಒಮ್ಮೆಲೇ ಸಾಯಬ್ಯಾಡ್ರಿ, ಒಬ್ಬರಾದ್ರೂ ಉಳೀರಿ!" ಕಂಪ್ಲಿ ಬಸ್ಸಿನಲ್ಲಿ ಕೂತಿದ್ದ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಕಂಡಕ್ಟರ್ ತಿರುಗಿ ನೋಡಿದ.

ಅಣ್ಣನ ಮಾಂತ್ರಿಕನಿಗೆ ಭುಜದ ಮೇಲೊಂದು ಸಾಕಿದ ಕಾಗೆ. ಎದುರಿಗೆ ಏನು ಬಿದ್ದರೂ ಹಾರಿಹೋಗಿ ಎತ್ತಿ ಯಜಮಾನನ ಚೀಲಕ್ಕೆ ಹಾಕುವುದು ಆ ಕಾಗೆಯ ಕೆಲಸ. ಬೇರೆಯವರು ಹುಲಿ, ಗರುಡ ಎಂದು ಸಾಕಿಕೊಂಡು ಮೆರೆಯುತ್ತಿದ್ದಾಗ ಇವನು ಮಾತ್ರ ಕಾಗೆ ಬಿಡಲಿಲ್ಲ. ಕಾಳಗ ಮುಗಿದ ಮೇಲೆ ನದಿಯ ದಡದಲ್ಲಿ, ಗುಂಡುಗಲ್ಲುಗಳ ನಡುವಿನ ಒಂದು ಹಾಳು ಮಂಟಪದಲ್ಲಿ ಹೋಗಿ ನಿಲ್ಲುತ್ತಿದ್ದ. "ನೋಡು ತಂಗಿ, ಥೇಟ್ ಹಂಪಿ ಐತಿ" ಎನ್ನುತ್ತಿದ್ದ. ನಾನು ಒಪ್ಪುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಹಾಳೂರು ಕಟ್ಟುವವರು ಕಲ್ಲನ್ನೇನೋ ಚೆನ್ನಾಗಿ ಬರೆಯುತ್ತಾರೆ, ಆದರೆ ಬಾವಲಿ ವಾಸನೆಯನ್ನು ಎಲ್ಲಿಂದ ತರುತ್ತಾರೆ? ಹಂಪಿಯ ಮಂಟಪದೊಳಗೆ ಕಾಲಿಟ್ಟರೆ ಮೊದಲು ಮೂಗು ಮುಚ್ಚಿಕೊಳ್ಳಬೇಕು, ಆಮೇಲೆ ಇತಿಹಾಸ.

ಬರಲಿರುವ ಸಿನಿಮಾಗಳೆಂದರೆ ನಮಗೆ ದಿನಕ್ಕೊಂದು ಜಗಳ. ಅದರಲ್ಲೂ ನೀರಿನಡಿ ಮುಳುಗಿದ ನಗರದ ಕಥೆಯೊಂದರ ಎರಡನೇ ಭಾಗದ ಟೀಸರ್ ಬಂದಿತ್ತು. ಮೊದಲ ಭಾಗದ ಕೊನೆಗೆ ಅದರ ರಾಜ ನಗರದೊಡನೆ ಮುಳುಗಿದ್ದ. ಬಿಡುಗಡೆ ಮುಂದಕ್ಕೆ ಹೋಗುತ್ತಲೇ ಇತ್ತು. ಮುಳುಗಿದ ಅರಮನೆ ಹಾಗೆ ಚಿನ್ನದಂತೆ ಹೊಳೆಯುವುದಿಲ್ಲ ಎಂಬುದು ನನ್ನ ವಾದ. ನಮ್ಮ ಡ್ಯಾಮಿನ ಹಿನ್ನೀರಿನ ಕೆಳಗೂ ಊರುಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ನೋಡಿ, ಕೆಸರು ಮೆತ್ತಿದ ಗೋಡೆಗಳು. ಅಣ್ಣನಿಗೆ ಹೊಳಪಿನ ಚಿಂತೆ ಇರಲಿಲ್ಲ. "ಆ ರಾಜ ಸತ್ತಿಲ್ಲ ತಂಗಿ. ಬರೆದಿಟ್ಕೋ ಬೇಕಾದ್ರ." ಸತ್ತಿದ್ದಾನೆ ಎಂದು ನಾನು ಕಡ್ಡಿ ಮುರಿದಂತೆ ಹೇಳುತ್ತಿದ್ದೆ. ಮುಂದೆ ಬರುವ ಸಿನಿಮಾದ ಬಗ್ಗೆ ಜಗಳವಾಡುವವರು, ಅದು ಬರುವ ದಿನಕ್ಕೆ ತಾವಿರುತ್ತೇವೆ ಎಂದು ಹೇಳದೆಯೇ ನಂಬಿಕೊಂಡಿರುತ್ತಾರೆ. ಇದು ನನಗೆ ಆಗ ಹೊಳೆದಿರಲಿಲ್ಲ.

ಅಣ್ಣ ಜ್ವರದಿಂದ ಹೋದ. ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು, ಅಲ್ಲಿಯೇ ತೀರಿಕೊಂಡ. ಅಂಗಡಿಯವನೂ ನಾನೂ ಬಂಡ್ರಿ ಹತ್ತಿರದ ಅವರ ಹೊಲಕ್ಕೆ ಮಣ್ಣಿಗೆ ಹೋಗಿದ್ದೆವು. ಅವರ ಮನೆಗಳಲ್ಲಿ, ನಮ್ಮ ಮನೆಯಲ್ಲೂ, ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಪ್ರಾಣ ಹೋದ ಸ್ವಲ್ಪ ಹೊತ್ತಿಗೇ, ಮೈ ಬಿಗಿಯುವ ಮೊದಲು, ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಿಭೂತಿ ಹಚ್ಚಿ, ಹೂ ಹಾಕಿ, ಕೂತಂತೆಯೇ ಕುಣಿಗೆ ಇಳಿಸುತ್ತಾರೆ. ಆದರೆ ಆಸ್ಪತ್ರೆಯಿಂದ ಗಾಡಿ ಬರುವ ಹೊತ್ತಿಗೆ ಅಣ್ಣನ ಮೈ ಕೊರಡಾಗಿತ್ತು. ಹಿರಿಯರು ಮಂಡಿ ಹಿಡಿದು ಮೆಲ್ಲಗೆ ಒತ್ತಿ ನೋಡಿದರು, ಮತ್ತೆ ನೋಡಿದರು. "ಬ್ಯಾಡ್ರಿ, ನೋಯಿಸಬ್ಯಾಡ್ರಿ" ಎಂದಳು ಅವನ ಹೆಂಡತಿ. ಕೊನೆಗೆ ಕುಣಿಯನ್ನು ಉದ್ದಕ್ಕೆ ಅಗೆಸಿ ಮಲಗಿಸಿದರು. ಅವಳು ಅಳಲಿಲ್ಲ, ಆ ಉದ್ದದ ಕುಣಿಯನ್ನೇ ನೋಡುತ್ತ ನಿಂತಿದ್ದಳು. ಆ ದಿನ ಅವಳೊಡನೆ ಒಂದು ಮಾತೂ ಆಡಲು ನನ್ನಿಂದಾಗಲಿಲ್ಲ.

ಕೆಲವು ವಾರಗಳ ಮೇಲೆ, ಸಂಜೆ ಕಂಪ್ಲಿಯಿಂದ ಮರಳುವಾಗ ಬಸ್ಸಿನಲ್ಲಿ ಆಟ ತೆರೆದೆ. ತಂಡದ ಪಟ್ಟಿಯಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದ ಅಣ್ಣನ ಹೆಸರು ಹಸಿರಾಗಿತ್ತು. ಹಸಿರೆಂದರೆ ಆಟದೊಳಗೆ ಇದ್ದಾನೆ ಎಂದರ್ಥ. ಬಿಲ್ಲುಗಾರ್ತಿಯನ್ನು ಓಡಿಸಿಕೊಂಡು ನದಿಯ ದಡಕ್ಕೆ ಹೋದೆ. ಮಂಟಪದಲ್ಲಿ ಮಾಂತ್ರಿಕ ನಿಂತಿದ್ದ, ಭುಜದ ಮೇಲೆ ಕಾಗೆ. "ಯಾರದು?" ಎಂದು ಬರೆದೆ. ಉತ್ತರವಿಲ್ಲ. "ಅಣ್ಣಾ" ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಅವನು ಮಾಯವಾದ. ಮರುದಿನವೂ ಅದೇ ಹೊತ್ತು, ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತು, ಹೆಸರು ಹಸಿರಾಯಿತು.

ಯಾರೋ ಅಕೌಂಟ್ ಕದ್ದಿದ್ದಾರೆ ಎಂದು ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಒಪ್ಪಲಿಲ್ಲ.

"ಕಳ್ಳ ಬಂದ್ರ ಸಾಮಾನು ಒಯ್ತಾನ್ರಿ ಅಕ್ಕಾರ. ಸುಮ್ನ ನಿಂತು ಹೋಗ್ತಾನೇನ್ರಿ?"

"ಮತ್ತ ಯಾರು?"

"ಬಾಯಿ ಬಿಟ್ಟು ಹೇಳಬೇಕೇನ್ರಿ? ಅವರನ್ನ ಕುಂದ್ರಿಸಲಿಲ್ಲ ನೋಡ್ರಿ. ಅದಕ್ಕ ನಿಂತಾರ."

ಹುಚ್ಚು ಮಾತಾಡಬೇಡ ಎಂದು ಬೈದೆ. ಬೈದೆನೇ ಹೊರತು, ಅವತ್ತಿನಿಂದ ನನಗೆ ಹೆದರಿಕೆ ಹತ್ತಿತು. ಅಣ್ಣನ ಮನೆಗೆ ಫೋನ್ ಮಾಡಬಹುದಿತ್ತು. ಆದರೆ ನನ್ನ ಹತ್ತಿರ ಇದ್ದದ್ದು ಅವನ ನಂಬರು ಮಾತ್ರ. ಅದಕ್ಕೆ ಕರೆ ಹಚ್ಚಿ, ಯಾರಾದರೂ ಎತ್ತಿದರೆ ಏನೆಂದು ಕೇಳಲಿ? ಯಾರೂ ಎತ್ತದಿದ್ದರೂ ಹೆದರಿಕೆ, ಎತ್ತಿದರೂ ಹೆದರಿಕೆ. ಗಿರಣಿಯ ಸದ್ದಿನಲ್ಲಿ ಇಡೀ ದಿನ ಕೂತಿರುವವಳಿಗೆ ಸಂಜೆಯಾದೊಡನೆ ಕಿವಿಯಲ್ಲಿ "ಹಿಂದ ಬರ್ರಿ, ಹಿಂದ" ಎಂಬ ದನಿ ಕೇಳಿಸತೊಡಗಿತು. ಆಟ ಬಿಟ್ಟುಬಿಡಬೇಕೆಂದುಕೊಳ್ಳುತ್ತಿದ್ದೆ. ದೀಪದ ಹೊತ್ತಿಗೆ ಕೈ ತಾನಾಗಿಯೇ ಮೊಬೈಲಿಗೆ ಹೋಗುತ್ತಿತ್ತು. ಮಂಟಪಕ್ಕೆ ಹೋಗಿ ಅವನೆದುರು ನಿಂತು, ಅವನು ಮಾಯವಾದ ಮೇಲೆ ಮರಳುತ್ತಿದ್ದೆ.

ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ಬಂತು. ಅಂಗಡಿಯವನ ಮನೆಯಲ್ಲಿ ಮಾಳಿಗೆಯ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟುವ ತನಕ ಯಾರೂ ಊಟಕ್ಕೆ ಕೂರುವುದಿಲ್ಲ. ಆ ಸಂಜೆ ಅವನು ಆಟದಲ್ಲಿ ಹಣ್ಣು, ರೊಟ್ಟಿ ತೆಗೆದುಕೊಂಡು ಬಂದು ಮಾಂತ್ರಿಕನ ಕಾಲಬಳಿ ಇಟ್ಟ. ಕಾಗೆ ಹಾರಿತು. ಒಂದೊಂದಾಗಿ ಎಲ್ಲವನ್ನೂ ಎತ್ತಿಕೊಂಡಿತು. ಮರುಕ್ಷಣವೇ ಅವನ ಫೋನ್ ಬಂತು.

"ಮುಟ್ಟಿತ್ರಿ ಅಕ್ಕಾರ! ಕಾಗಿ ಮುಟ್ಟಿತು! ಅಣ್ಣ ಉಂಡ!"

ಆ ಕಾಗೆ ಏನಿಟ್ಟರೂ ಎತ್ತುತ್ತದೆ, ಹರಿದ ಚಪ್ಪಲಿ ಇಟ್ಟರೂ ಎತ್ತುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಆ ಮಾತು ಆಡಲಿಲ್ಲ. ಮರುದಿನ ನಾನೂ ಹಣ್ಣು ತೆಗೆದುಕೊಂಡು ಹೋದೆ. ಆಮೇಲೆ ಅದೇ ನಮ್ಮಿಬ್ಬರ ನಿತ್ಯದ ಕೆಲಸವಾಯಿತು. ಕಾಳಗ, ಗೆಲುವು ಎಲ್ಲ ಬಿಟ್ಟು ಅಣ್ಣನಿಗೆ ಬೇಕಾದ ಹಣ್ಣು ಆರಿಸಲು ಕಾಡು ಅಲೆಯುತ್ತಿದ್ದೆವು.

ಹೀಗೆ ಒಂದು ವರ್ಷವಾಗುತ್ತ ಬಂದಾಗ ಆಟ ನಡೆಸುವ ಕಂಪನಿಯಿಂದ ಪ್ರಕಟಣೆ ಬಂತು. ಆಡುವವರು ಕಡಿಮೆಯಾಗಿದ್ದಾರೆ, ತಿಂಗಳ ಕೊನೆಗೆ ಸರ್ವರ್ ನಿಲ್ಲಿಸುತ್ತೇವೆ. ಕಾಡು, ನದಿ, ಮಂಟಪ ಯಾವುದೂ ಇರುವುದಿಲ್ಲ. ಆಗ ನನಗೆ ಹೆದರಿಕೆಗಿಂತ ದೊಡ್ಡ ಚಿಂತೆ ಹತ್ತಿತು. ದಿನಾ ಅವನನ್ನು ಅಲ್ಲಿ ತಂದು ನಿಲ್ಲಿಸುತ್ತಿರುವುದು ಮನುಷ್ಯರ ಕೈಯೇ ಆಗಿದ್ದರೆ, ಆ ಕೈಗೆ ಈ ಸುದ್ದಿ ಗೊತ್ತಿದೆಯೇ? ಒಂದು ಸಂಜೆ ತೆರೆದಾಗ ಏನೂ ಇಲ್ಲದಿದ್ದರೆ ಅವರ ಗತಿ ಏನು? ಭಾನುವಾರ ಸಂಡೂರಿನ ಬಸ್ಸು ಹತ್ತಿದೆ. ಅಲ್ಲಿಂದ ದೋಣಿಮಲೈಗೆ ಹೋಗಿ, ಕೇಳಿಕೊಂಡು ಅವರ ಕ್ವಾರ್ಟರ್ಸ್ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು.

ಬಾಗಿಲು ತೆರೆದವಳು ಅಣ್ಣನ ಹೆಂಡತಿ. ಅಲ್ಲಿನ ಶಾಲೆಯಲ್ಲಿ ಲೆಕ್ಕದ ಟೀಚರು. ನನ್ನನ್ನು ಮಣ್ಣಿನ ದಿನ ನೋಡಿದ ನೆನಪಿತ್ತು. "ಬರ್ರಿ, ಕುಂದ್ರಿ" ಎಂದು ನೀರು ಕೊಟ್ಟಳು. ನಾನು ಏನು ಕೇಳಬೇಕೆಂದು ತಡವರಿಸುತ್ತಿರುವಾಗಲೇ ಅವಳು ದೀಪ ಹಚ್ಚಲು ಎದ್ದಳು. ಅಣ್ಣನ ಫೋಟೋ ಮುಂದೆ ಹಣತೆ ಹಚ್ಚಿದಳು. ಚಾರ್ಜಿಗೆ ಹಾಕಿದ್ದ ಹಳೆಯ ಮೊಬೈಲ್ ತೆಗೆದು, ಆಟ ತೆರೆದು, ಫೋಟೋಗೆ ಆನಿಸಿ ಇಟ್ಟಳು. ಮಂಟಪದಲ್ಲಿ ಮಾಂತ್ರಿಕ ಬಂದು ನಿಂತ. ಅಂಗಡಿಯವನು ಅವತ್ತು ಅಲ್ಲಿರಲಿಲ್ಲ.

ಅವಳೇ ಹೇಳಿದಳು.

"ದಿನಾ ಹಿಂಗ ಇಟ್ಟು ಅಡಗಿಗೆ ಹೋಗ್ತೀನ್ರಿ. ಬಂದು ನೋಡಿದ್ರ ಚೀಲ ತುಂಬಿರತೈತಿ. ಹಣ್ಣು, ರೊಟ್ಟಿ. ನಾನು ಲೆಕ್ಕ ಕಲಿಸಾಕಿ, ಹುಚ್ಚಿ ಅಲ್ಲ. ಸತ್ತೋರು ಹಣ್ಣು ಆರಸಂಗಿಲ್ಲ ಅಂತ ನನಗೂ ಗೊತ್ತೈತಿ. ಆದ್ರ ಚೀಲ ತುಂಬತೈತಲ್ರಿ, ಏನು ಮಾಡ್ಲಿ? ಅವರಿನ್ನೂ ದುಡಿದು ತರಾಕತ್ಯಾರ ಅನಸತೈತಿ."

ಆಟದಲ್ಲಿ ಕಂಡವರೆಲ್ಲ ಬೈಯುತ್ತಾರೆಂದು ಅಣ್ಣ ಯಾವಾಗಲೋ ಚಾಟ್ ಮುಚ್ಚಿಟ್ಟಿದ್ದ. ನಾನು ಬರೆದದ್ದು ಒಂದೂ ಅವಳಿಗೆ ಕಂಡಿರಲಿಲ್ಲ. ಒಂದು ವರ್ಷ ನಾವು ಅವಳನ್ನು ಅವನೆಂದು ತಿಳಿದು ಎಡೆ ಇಟ್ಟಿದ್ದೆವು. ಅವಳು ನಮ್ಮನ್ನು ಅವನೆಂದು ತಿಳಿದು ದೀಪ ಹಚ್ಚಿದ್ದಳು. ಹೇಳಲೋ ಬೇಡವೋ ಎಂದು ಒದ್ದಾಡಿದೆ. ಸುಳ್ಳು ಹೇಳಿ ಬಂದರೆ ತಿಂಗಳ ಕೊನೆಗೆ ಆ ಪರದೆ ಅವಳೊಬ್ಬಳ ಎದುರೇ ಖಾಲಿಯಾಗುತ್ತದೆ. ಹಣ್ಣು ಇಡುತ್ತಿದ್ದವರು ನಾವು ಎಂದೆ. ಆಟ ಮುಚ್ಚುವ ಸುದ್ದಿಯನ್ನೂ ಅದರ ಬೆನ್ನಿಗೇ ಹೇಳಿಬಿಟ್ಟೆ.

ಅವಳು ಬಹಳ ಹೊತ್ತು ಹಣತೆಯ ಬತ್ತಿ ಸರಿಮಾಡಿದಳು.

"ಮತ್ತ ಒಬ್ಬಾಕಿ ಬಿಲ್ಲು ಹಿಡಕೊಂಡು ಎದುರಿಗಿ ನಿಂತಿರ್ತಿದ್ಲಲ್ರಿ?"

"ನಾನಾ."

"ಅಯ್ಯ, ನೀವಾ! ಯಾವಾಕಿ ಇಕಿ ಅಂತ ಒಂದಿನ ಹೊಟ್ಟಿಕಿಚ್ಚು ಬಂದಿತ್ತು ನನಗ" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಮೊಬೈಲ್ ಎತ್ತಿ ನನ್ನ ಕೈಗೆ ಕೊಟ್ಟಳು. "ಒಂದು ಕೇಳ್ತೀನ್ರಿ. ಒಂದು ವರ್ಷದಿಂದ ಹಿಂಗ ನಿಂತೇ ಇದಾರ. ಇದರಾಗ ಕುಂದ್ರಸಾಕ ಬರತೈತೇನ್ರಿ?"

ಬರುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಚಿತ್ರವಿದೆ, ಒತ್ತಿದರೆ ಸಾಕು. ಕಾಳಗದ ನಂತರ ದಣಿವಾರಿಸಿಕೊಳ್ಳಲು ನಾವು ಸಾವಿರ ಸಲ ಒತ್ತಿದ್ದು. ನಾನು ಒತ್ತಲಿಲ್ಲ, ಅವಳ ಬೆರಳು ಹಿಡಿದು ಅಲ್ಲಿಗೆ ಒಯ್ದೆ. ಮಾಂತ್ರಿಕ ಕೋಲನ್ನು ಪಕ್ಕಕ್ಕಿಟ್ಟ. ಕಾಲು ಮಡಿಸಿ, ಕಂಬಕ್ಕೆ ಬೆನ್ನು ಕೊಟ್ಟು ಕೂತ. ಎಷ್ಟು ಸಲೀಸಾಗಿ ಕೂತನೆಂದರೆ ನನಗೆ ಆ ಮಂಡಿ ಒತ್ತುತ್ತಿದ್ದ ಹಿರಿಯರ ಕೈಗಳು ನೆನಪಾದವು. ಅವಳು ಫೋಟೋ ಪಕ್ಕದ ವಿಭೂತಿಯನ್ನು ಬೆರಳಿಗೆ ತಗುಲಿಸಿಕೊಂಡು ಗಾಜಿನ ಮೇಲೆ, ಅವನ ಹಣೆ ಇದ್ದಲ್ಲಿ, ಮೆಲ್ಲಗೆ ಎಳೆದಳು. ಮುಟ್ಟದೆ ಬಿಟ್ಟವರನ್ನು ಆಟ ಸ್ವಲ್ಪ ಹೊತ್ತಿಗೆ ತಾನೇ ಹೊರಹಾಕುತ್ತದೆ. ಹಾಗೆ ಅವನು ಮಾಯವಾಗುವ ತನಕ ಇಬ್ಬರೂ ನೋಡುತ್ತ ಕೂತಿದ್ದೆವು. ಆಮೇಲೆ ಅವಳು ಅತ್ತಳು.

ಬಸ್ಸಿಗೆ ಬಿಡಲು ಬಂದಾಗ ಕೇಳಿದಳು, "ಆ ನೀರಾಗಿನ ಊರಿನ ಸಿನಿಮಾ ಬಂತೇನ್ರಿ? ಭಾಳ ಕಾಯಾಕತ್ತಿದ್ರು." ಇನ್ನೂ ಬಂದಿಲ್ಲ, ಬಂದಾಗ ಇಬ್ಬರೂ ಹೋಗೋಣ ಎಂದೆ.

ಆಟ ಮುಚ್ಚಲು ಇನ್ನೂ ದಿನಗಳಿದ್ದವು. ಮರುದಿನ ದೀಪದ ಹೊತ್ತಿಗೆ ನಾನು ಮಂಟಪಕ್ಕೆ ಹೋದೆ. ಅಂಗಡಿಯವನು ಆಗಲೇ ಹಣ್ಣು ಹಿಡಿದು ಕಾಯುತ್ತಿದ್ದ. ಪಟ್ಟಿಯಲ್ಲಿ ಅಣ್ಣನ ಹೆಸರು ಬೂದಾಗಿಯೇ ಇತ್ತು. ಕತ್ತಲಾದರೂ ಹಸಿರಾಗಲಿಲ್ಲ.

"ಯಾಕ್ರಿ ಅಕ್ಕಾರ, ಇವತ್ತು ಬರಲಿಲ್ಲ?" ಎಂದ.

"ಇನ್ನ ಬರಂಗಿಲ್ಲಪ್ಪ. ನಿನ್ನಿ ಕುಂದ್ರಿಸಿ ಬಂದ್ವಿ."

ಅವನು ಹಣ್ಣನ್ನು ಅಲ್ಲೇ ಇಟ್ಟ. ಎತ್ತಿಕೊಳ್ಳಲು ಕಾಗೆ ಇರಲಿಲ್ಲ.