ಎಂಟಕ್ಷರದ ಶ್ರೀಮತಿ

ಗಂಡಸರ ಫೈಲು ಜಲ್ದಿ ಸಿಗುತ್ತದೆ, ಹೆಂಗಸರ ಫೈಲು ಮಾತ್ರ ನಿಧಾನ. ಕಂಪ್ಯೂಟರಿಗೆ ಇಂಥದೊಂದು ರೋಗ ಬರುತ್ತದೆಯೇ?

ಬರುತ್ತದೆ ಎಂದು ತಿಂಗಳಿನಿಂದ ನನ್ನ ತಲೆ ತಿನ್ನುತ್ತಿದ್ದವರು ಗದಗ-ಬೆಟಗೇರಿಯ ಹುಸೇನಸಾಬರು. ಕನ್ನಡಕದ ಅಂಗಡಿಯವರು. ಹುಬ್ಬಳ್ಳಿಯ ಯಾವುದೋ ಕಚೇರಿ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರೊಂದನ್ನು ತಂದು, ಅಂಗಡಿಯಲ್ಲಿ ಧೂಳು ಎಂದು ಮೇಲಿನ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಗಿರಾಕಿಗಳ ಕಣ್ಣಿನ ನಂಬರೆಲ್ಲ ಅದರೊಳಗೆ. (ಅದಕ್ಕೆ ಅವರ ಬೇಗಂ ಹೊಲಿದ ಕಸೂತಿಯ ಹೊದಿಕೆ ಬೇರೆ. ನಮ್ಮ ಪತ್ರಿಕಾ ಕಚೇರಿಯ ಟೈಪ್‌ರೈಟರಿಗೆ ಗೋಣಿಚೀಲವೂ ಇಲ್ಲ.)

ಮದ್ದು ಮಾಡಿದ್ದೇನು ಕಡಿಮೆಯೇ? ವೋಲ್ಟೇಜಿನ ದೋಷ ಎಂದು ಸ್ಟೆಬಿಲೈಸರ್ ಹಾಕಿಸಿದರು. ಶೆಖೆ ಎಂದು ಟೇಬಲ್ ಫ್ಯಾನ್ ಇಟ್ಟರು. ಕನ್ನಡಕ ಒರೆಸುವ ಬಟ್ಟೆಯಿಂದ ಫ್ಲಾಪಿ ಒರೆಸಿದರು. (ಒರೆಸಬಾರದಂತೆ.) ಹುಬ್ಬಳ್ಳಿಯ ಮೆಕ್ಯಾನಿಕ್ ಬಂದು, ಚಹಾ ಕುಡಿದು, "ಮಷೀನ್ ಬರೋಬ್ಬರಿ ಐತ್ರಿ" ಎಂದು ಹೇಳಿ ಹೋದ.

ಕಳೆದ ವಾರ ಒಂದು ಮಧ್ಯಾಹ್ನ ನಾನು ಅಲ್ಲಿ ಕುಳಿತಿದ್ದಾಗ ಹೆಣ್ಣುಮಗಳೊಬ್ಬರು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹೆಸರು ಗಂಗವ್ವ. ಶಿರಹಟ್ಟಿಯ ಅಂಗನವಾಡಿ ಕಾರ್ಯಕರ್ತೆ. ಮರುದಿನ ಮುಂಜಾನೆ ಗದಗಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಬಸ್ಸಿನಲ್ಲಿ ಇತಿಹಾಸ ಓದುತ್ತ ಕುಳಿತು ತಲೆ ತಿರುಗಿದೆ. ಸೊರಟೂರು ದಾಟಿದ ಮೇಲೆ ಕಿಟಕಿಯಾಚೆ ಬಗ್ಗಿದ್ದಾರೆ. ಕನ್ನಡಕ ಕೆಳಗೆ ಬಿತ್ತು. ಹಿಂದಿನ ಟೈರು ಉಳಿದ ಕೆಲಸ ಮುಗಿಸಿತು.

"ಕಣ್ಣಿನ ಡಾಕ್ಟರ್ ಕಡೆ ಹೋಗಬೇಕಿತ್ತಲ್ರಿ ಅಕ್ಕಾರ?" ಎಂದರು ಹುಸೇನಸಾಬರು.

"ಹೋಗಿದ್ನಿರಿ. ಮುಂಡರಗಿ ಕ್ಯಾಂಪಿಗೆ ಹೋಗ್ಯಾರಂತ. ನಾಡದ ಬರ್ತಾರಂತ."

"ನಂಬರ್ ಚೀಟಿ?"

"ನೀವ ಇಟಗೊಂಡ್ರೆಲ್ಲರಿ! ಕಂಪ್ಯೂಟರ್‌ನ್ಯಾಗ ಹಾಕೇನಿ, ಇನ್ನ ಕಳಿಯೂ ಮಾತ ಇಲ್ಲ ಅಂದ್ರಿ."

ಅಂದಾಜಿನ ಮೇಲೆ ಒಂದು ಜೋಡಿ ಕೊಡಬಾರದೇ ಎಂದು ನಾನು ಕೇಳಿದೆ.

"ಎರಡೂ ಕಣ್ಣಿಂದು ಬ್ಯಾರೆ ಬ್ಯಾರೆ ನಂಬರ್ ಇರತಾವ್ರಿ. ಅಂದಾಜ ನಿಮ್ಮ ಪೇಪರ್‌ನ್ಯಾಗ ನಡೀತೈತಿ. ನನ್ನ ಧಂದೆದಾಗ ನಡಿಯೂದಿಲ್ಲ."

ಗಡಿಯಾರ ನೋಡಿದೆ.

ಗಂಟೆ ಎರಡು. ನಂಬರಿಗೆ ತಕ್ಕಂತೆ ಗಾಜು ಉಜ್ಜಲು ಎರಡು ತಾಸು ಬೇಕು. ಉಜ್ಜುವ ಕಾರಿಗರ ಐದಕ್ಕೆ ಎದ್ದು ಹೋಗುತ್ತಾನೆ. ಅಂದರೆ ಮೂರರೊಳಗೆ ನಂಬರು ಸಿಗಬೇಕು.

"ಇದು ಮೂರನೇ ಸಲ ಪರೀಕ್ಷಾ ಕಟ್ಟೇನ್ರಿ," ಎಂದರು ಗಂಗವ್ವ. "ಈ ಸಲ ತಪ್ಪಿದ್ರ, ಸಾಕ ಬಿಡು ಅಂತಾರ ಮನಿಯಾಗ."

ಹುಸೇನಸಾಬರು ಒಂದೊಂದೇ ಫೈಲು ತೆರೆಯತೊಡಗಿದರು. ಕಂಪ್ಯೂಟರು ಗುರ್ ಎನ್ನುತ್ತದೆ, ಅರ್ಧ ನಿಮಿಷ ಯೋಚಿಸುತ್ತದೆ, ಬೇರೆ ಯಾರದೋ ಕಣ್ಣು ತೋರಿಸುತ್ತದೆ. ಇದಲ್ಲ. ಇದೂ ಅಲ್ಲ.

"ಅಣ್ಣಾರ, ನನಗರೆ ಕಾಣೂದಿಲ್ಲ. ಅದರ ಮ್ಯಾಲೆ ಯಾರ್ಯಾರ ಹೆಸರ ಅದಾವು, ಸ್ವಲ್ಪ ಬಾಯಿಲೆ ಓದ್ರೆಲ್ಲ."

ಹುಸೇನಸಾಬರು ಪಟ್ಟಿ ಓದಿದರು. "ಶ್ರೀಮತಿ ಒಂದು. ಶ್ರೀಮತಿ ಎರಡು. ಶ್ರೀಮತಿ ಮೂರು. ಶ್ರೀಮತಿ ನಾಕು..."

"ಎಲ್ಲಾರೂ ಶ್ರೀಮತಿನ ಆದ್ರ, ನಾ ಎಷ್ಟನೇದಾಕಿರಿ?"

ಮೆಕ್ಯಾನಿಕ್ಕನ ಕಣ್ಣಿಗೆ ಬೀಳದ ರೋಗ ಗಂಗವ್ವನ ಕಿವಿಗೆ ಸಿಕ್ಕಿತ್ತು.

ವಿಷಯ ಇಷ್ಟೇ. ಈ ಕಂಪ್ಯೂಟರಿನಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ. ಬಾಲಕ್ಕೆ ಬೇಕಾದರೆ ಎರಡು ಮೂರು ಅಂಕಿ. ಹುಸೇನಸಾಬರೋ ಮರ್ಯಾದಸ್ಥರು, ಯಾರ ಹೆಸರನ್ನೂ ಬರಿದೇ ಬರೆದವರಲ್ಲ. ಗಂಡಸರಿಗೆ 'ಶ್ರೀ' ಎಂದು ಇಂಗ್ಲಿಷಿನಲ್ಲಿ ಹೊಡೆದರೆ ನಾಲ್ಕು ಅಕ್ಷರ ಹೋಗಿ ಹೆಸರಿಗೆ ನಾಲ್ಕು ಉಳಿಯುತ್ತದೆ. ಗುರುತಿಗೆ ಅಷ್ಟು ಸಾಕು. 'ಶ್ರೀಮತಿ' ಎಂದು ಹೊಡೆದರೆ? ಎಂಟೂ ಖರ್ಚು. ಹೆಸರು ಹೊರಗೆ ನಿಂತಿತು.

"ಹೆಣ್ಮಕ್ಕಳ ಹೆಸರು ಬರೇ ಹ್ಯಾಂಗ ಬರೀಲ್ರಿ? ಅದಬ್, ಮರ್ಯಾದಿ ಅನ್ನೂದು ಇರಬಾರದೇನು?" ಎಂದರು, ತುಸು ನೊಂದು.

ತಾರೀಖಿನ ಮೇಲೆ ಹುಡುಕೋಣ ಎಂದೆ. (ಸುದ್ದಿಮನೆಯ ಚಟ.) ಎಲ್ಲ ಫೈಲಿಗೂ ಒಂದೇ ತಾರೀಖು! ಮುಂಜಾನೆ ಚಾಲೂ ಮಾಡಿದಾಗ ಯಂತ್ರ ದಿನವೂ ತಾರೀಖು ಕೇಳುತ್ತದಂತೆ, ಹುಸೇನಸಾಬರು ಒಮ್ಮೆಯೂ ಹೇಳಿಲ್ಲ. "ದಿನಾ ಅದಕ್ಕ ಕ್ಯಾಲೆಂಡರ್ ಓದಿ ಹೇಳ್ಕೋತ ಕುಂಡರಲೇನ್ರಿ?"

ಉಳಿದದ್ದು ಒಂದೇ ದಾರಿ. ಅವರು ತೆರೆಯುತ್ತ ಹೋದರು, ನಾನು ಒಳಗಿನ ಹೆಸರು ಬರೆದುಕೊಳ್ಳುತ್ತ ಹೋದೆ. ಎಪ್ಪತ್ತರ ಹತ್ತಿರದ ಪಟ್ಟಿ ಮುಗಿದಾಗ ಮೂರಕ್ಕೆ ಐದು ನಿಮಿಷ. ಗಂಗವ್ವ ಎಂಬ ಹೆಸರು ಎಲ್ಲಿಯೂ ಇರಲಿಲ್ಲ.

ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಹುಸೇನಸಾಬರು ಫ್ಯಾನಿನ ಕಡೆ ನೋಡುತ್ತ ಕುಳಿತರು. ಬೇರೇನೂ ತೋಚದೆ ನನ್ನ ಪಟ್ಟಿಯನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಶಿರಹಟ್ಟಿಯ ಶ್ರೀಮತಿ ಫಕೀರಪ್ಪ ಎಂಬಲ್ಲಿಗೆ ಬಂದೆ.

"ತಡೀರಿ! ಅದು ನಮ್ಮ ಮನಿಯವರ ಹೆಸರ್ರಿ!"

"ಅಂದ್ರ ಅವರ ಚಷ್ಮಾ ಏನ್ರಿ ಅದು?" ಎಂದರು ಹುಸೇನಸಾಬರು.

"ಅವರ ಕಣ್ಣ ಚೊಲೋ ಅದಾವ್ರಿ ಅಣ್ಣಾರ, ಹೊಲದಾಗಿನ ಹಾವ ಹಾದಿಯಾಗ ನಿಂತ ನೋಡ್ತಾರ. ಹೆಸರ ಅವರದು, ಕಣ್ಣ ನನ್ನವು!"

ಹುಸೇನಸಾಬರು ನಂಬರು ಹಿಡಿದುಕೊಂಡು ಮೆಟ್ಟಿಲು ಇಳಿದ ರಭಸಕ್ಕೆ ಒಂದು ಚಪ್ಪಲಿ ಮೇಲೆಯೇ ಉಳಿಯಿತು.

ನಗುವ ಹಕ್ಕು ನನಗಿಲ್ಲ. 'ಕೊನೆಗೆ ಶ್ರೀಮತಿ ಪಾಟೀಲ ವಂದಿಸಿದರು' ಎಂಬ ವರದಿಗೆ ಎಷ್ಟು ಸಲ ರುಜು ಹಾಕಿ ಅಚ್ಚಿಗೆ ಕಳಿಸಿಲ್ಲ? ಯಾವ ಪಾಟೀಲ ಎಂದು ಒಮ್ಮೆಯಾದರೂ ಕೇಳಿದ್ದೇನೆಯೇ? ಮಂತ್ರಿಯ ಹೆಸರಲ್ಲಿ ಒಂದು ಇನಿಶಿಯಲ್ ತಪ್ಪಿದರೆ ಮರುದಿನ ತಿದ್ದುಪಡಿ ಹಾಕುವವರು ನಾವು. ಹುಸೇನಸಾಬರು ಯಾರನ್ನೂ ಕಡೆಗಣಿಸಿ ಹಾಗೆ ಬರೆದವರಲ್ಲ. ಗೌರವಿಸಿಯೇ ಬರೆದರು. ಅದಕ್ಕೇ ತಪ್ಪು ಇಷ್ಟು ದಿನ ಯಾರಿಗೂ ಕಾಣಲಿಲ್ಲ.

ಐದಕ್ಕೆ ಕನ್ನಡಕ ಬಂತು. ಗಂಗವ್ವ ಹಾಕಿಕೊಂಡರು. ಹಾಲ್ ಟಿಕೆಟ್ ತೆಗೆದು ಹಿಂದೆ ಮುಂದೆ ಓದಿದರು. ಅಷ್ಟರಲ್ಲಿ ಹುಸೇನಸಾಬರು ಅವರಿಗೊಂದು ಹೊಸ ಫೈಲು ಮಾಡಲು ಕುಳಿತಿದ್ದರು. ಬೆರಳುಗಳಿಗೆ ರೂಢಿ ಬಿದ್ದಿತ್ತು.

"ಮತ್ತ ಶ್ರೀಮತಿನ ಬರ್ಯಾಕ್ಹತ್ತೀರಲ್ರಿ ಅಣ್ಣಾರ! ಈಗ ನನಗ ಕಾಣತೈತಿ."

ಹುಸೇನಸಾಬರು ನಾಲಗೆ ಕಚ್ಚಿಕೊಂಡು ಅಳಿಸಿದರು. ಗಂಗವ್ವ ಹಾಲ್ ಟಿಕೆಟ್ ನೋಡಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೇಳಿದರು. ಹುಸೇನಸಾಬರು ಒಂದೊಂದೇ ಹೊಡೆದರು. ನಾನು ಬೆರಳು ಮಡಚಿ ಎಣಿಸಿದೆ. ಸರಿಯಾಗಿ ಎಂಟು.

ಜಾಗ ಇಲ್ಲ ಎಂದವರು ಯಾರು?