ಮೇಷ್ಟ್ರ ಗೆರೆ, ಮೂಡಲಗಿರಿಯಪ್ಪನ ಅರ

ಬೆಳಗಿನ ಆರು ಗಂಟೆ. ಹೊಳಲ್ಕೆರೆಯ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಮೂಡಲಗಿರಿಯಪ್ಪ ಹಲಗೆಯೊಂದನ್ನು ತೊಡೆಗೊತ್ತಿಕೊಂಡು ಅರ ಹಾಕುತ್ತಿದ್ದಾರೆ. ಮೀಸೆಯ ತುಂಬ ಮರದ ಹೊಟ್ಟು. ಹತ್ತು ಗಂಟೆಗೆ ಮೈಸೂರಿನಿಂದ ಪರೀಕ್ಷಕರು ಬರುತ್ತಾರೆ. ಅಷ್ಟರೊಳಗೆ ತಾನು ಮಾಡಿದ ಎಡವಟ್ಟನ್ನು ತಾನೇ ತಿದ್ದಬೇಕು.

ಜವನಗೊಂಡನಹಳ್ಳಿಯ ಕುರಿ ಕಾಯುವ ಮನೆತನದ ಇವರು ಹದಿನೈದು ವರ್ಷದಿಂದ ಇಲ್ಲಿದ್ದಾರೆ. ದಿನಕ್ಕೆ ನಲವತ್ತು ಲೋಲಕ ಕಟ್ಟಿಕೊಡುತ್ತಾರೆ, ಸಂಜೆ ನಲವತ್ತನ್ನೂ ಬಿಚ್ಚಿಡುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು. ಕೈ ಮಾತ್ರ ಎಂ.ಎಸ್ಸಿ. ಮಾಡಿದೆ.

ಭೌತಶಾಸ್ತ್ರದ ಮೇಷ್ಟ್ರು ಚಿತ್ರಲಿಂಗಪ್ಪನವರಿಗೆ ಮೂರು ವರ್ಷದಿಂದ, ಅಂದರೆ 1975ನೇ ಇಸವಿಯಿಂದ, ಒಂದೇ ಹುಚ್ಚು. ಅಣುವಿನೊಳಗೆ ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳಂತೆ ಕುಣಿಯುತ್ತವೆ. ಬೇಕಾದ ಬಂಧವೊಂದೇ ಕುಣಿಯಬೇಕು, ಪಕ್ಕದ್ದು ಸುಮ್ಮನಿರಬೇಕು, ಅದೂ ಆದಷ್ಟು ಕಡಿಮೆ ಶಕ್ತಿಯಲ್ಲಿ. ಬೆಳಕಿನಿಂದ ಯಾವ ಲಯದಲ್ಲಿ ತಳ್ಳಿದರೆ ಇದು ಸಾಧ್ಯ ಎಂಬುದೇ ಅವರ ಪಿಎಚ್.ಡಿ. ಲೆಕ್ಕ. ಕಣ್ಣಿಗೆ ತೋರಿಸಲು ಮೂರು ಕಬ್ಬಿಣದ ಗುಂಡು, ನಡುವೆ ಎರಡು ಸ್ಪ್ರಿಂಗು. ಹಲಗೆ ಸರಿದಂತೆ ಅದರ ಅಂಚಿನ ಉಬ್ಬುತಗ್ಗು ಮೊದಲ ಗುಂಡನ್ನು ಹಿಂದೆ ಮುಂದೆ ಆಡಿಸುತ್ತದೆ.

ಆ ಅಂಚನ್ನು ಕೊರೆಯಲು ಮೇಷ್ಟ್ರು ಬರೆದುಕೊಟ್ಟ ಗೆರೆ ನಡುವೆ ಒಂದು ಕಡೆ ತಟ್ಟನೆ ಇಳಿದಿತ್ತು. "ಕೈ ಜಾರೈತೆ ಅನ್ಕೊಂಡೆ. ಮೇಷ್ಟ್ರ ಮರ್ಯಾದೆ ಹೋಗಬಾರ್ದು ಅಂತ ನಾನೇ ನೇರ ಮಾಡ್ಬಿಟ್ಟೆ" ಎನ್ನುತ್ತಾರೆ ಮೂಡಲಗಿರಿಯಪ್ಪ. ನಿನ್ನೆ ನೋಡಿದರೆ ಎರಡೂ ಸ್ಪ್ರಿಂಗು ಒಟ್ಟಿಗೆ ಕುಣಿದವು. "ನನ್ನ ಲೆಕ್ಕಾನೇ ತಪ್ಪು ಕಣಯ್ಯ" ಎಂದ ಮೇಷ್ಟ್ರು ಕೊಡೆಯನ್ನೂ ಮರೆತು ಮನೆಗೆ ಹೋದರು.

ಗುಟ್ಟು ಬಿಡಿಸಿದ್ದು ಮೂಡಲಗಿರಿಯಪ್ಪನ ಹೆಂಡತಿ ಮುದ್ದಕ್ಕ. ಅವರ ಮನೆಯಲ್ಲಿ ಒಂದೇ ತೊಲೆಗೆ ಎರಡು ಸೀರೆಯ ಜೋಲಿ, ಒಳಗೆ ಅವಳಿ ಮೊಮ್ಮಕ್ಕಳು. ಸಂಜೆ ಊಟಕ್ಕೆ ಕೂತ ಗಂಡ ಗೋಳು ಹೇಳಿಕೊಂಡಾಗ ಆಕೆ ನಕ್ಕಳು: "ಒಂದನ್ನ ತೂಗಿದ್ರೆ ತೊಲೆ ಅಲುಗಿ ಇನ್ನೊಂದೂ ಏಳ್ತೈತೆ. ಅದಕ್ಕೇ ನಡುವೆ ಒಂದ್ಸಲ ಹಿಂದಕ್ಕೆ ಜಗ್ಗಬೇಕು. ಇಷ್ಟೂ ತಿಳೀದಾ ನಿಮಗೆ?" ಗೆರೆಯ ಆ ಇಳಿತ ಕೈ ಜಾರಿದ್ದಲ್ಲ, ಹೀಗೆ ಹಿಂದಕ್ಕೆ ಜಗ್ಗುವುದಕ್ಕೇ ಇದ್ದದ್ದು ಎಂದು ಗಂಡನಿಗೆ ಆಗ ಹೊಳೆಯಿತು.

ಒಂಬತ್ತಕ್ಕೆ ಮೇಷ್ಟ್ರು ಬರುತ್ತಾರೆ. ಮೂಡಲಗಿರಿಯಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಸುತ್ತಾರೆ. ಮೇಷ್ಟ್ರು ಹಲಗೆಯ ಹೊಸ ತಗ್ಗನ್ನು ಬೆರಳಿನಿಂದ ಸವರಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಹತ್ತೂವರೆಗೆ ಹಲಗೆ ಸರಿಯುತ್ತದೆ. ಕೊನೆಗೆ ಆಚೆಯ ಸ್ಪ್ರಿಂಗು ಕುಣಿಯುತ್ತದೆ, ಈಚೆಯದು ಮಿಸುಕುವುದಿಲ್ಲ. ಪರೀಕ್ಷಕರು ಮೇಷ್ಟ್ರ ಕೈ ಕುಲುಕುತ್ತಾರೆ.

ಮೂಡಲಗಿರಿಯಪ್ಪ ಮಾತ್ರ ಬಾಗಿಲ ಬಳಿ ಮೀಸೆಯ ಹೊಟ್ಟು ಒರೆಸಿಕೊಳ್ಳುತ್ತಿದ್ದಾರೆ. "ಇವರೆಲ್ಲ ಹೋದ್ಮೇಲೆ ಮುದ್ದಕ್ಕನ್ನ ಕರ್ಕೊಂಡು ಬಂದು ತೋರಿಸ್ಬೇಕ್ರಿ. ಅವಳು ಸರಿ ಐತೆ ಅಂದ್ರೆ ಸಾಕು."